ತುಂಬಿದ ಅಟ್ಟಕ್ಕೆ ಏಣಿ

ಹೊನ್ನವಳ್ಳಿ, ತಿಪಟೂರು ತಾಲ್ಲೂಕು
೪ ಸೆಪ್ಟೆಂಬರ್ ೧೯೮೩

ಚಿತ್ರಕಾರರಾದ ಶ್ರೀ ಹನುಮಂತಯ್ಯನವರಿಗೆ, ಸರ್ವಮಂಗಳ ಮಾಡುವ ವಂದನೆಗಳು.

ನನ್ನ ಗುರುತು ನಿಮಗಿಲ್ಲ. ನಿಮ್ಮ ಗುರುತು ನನಗೆ ಚೆನ್ನಾಗಿದೆ. ‘ವಾರಸಂಗಾತಿ’ಯ ಕೊನೇ ಪುಟದ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ‘ಹನು’ ಎಂದು ಸಹಿ ಹಾಕುವವರು ನೀವೇ ತಾನೇ? ಪೂರ್ತಿ ಹೆಸರು ಪತ್ರಿಕೆಯ ಆಫೀಸಿಗೆ ಬರೆದು ಕೇಳಿಕೊಂಡೆ.

ನಮ್ಮ ಮನೆಯವರು ಕೊಬ್ಬರಿ ಹರಾಜಿಗೆಂದು ತಿಪಟೂರಿಗೆ ಹೋದಾಗ ಪತ್ರಿಕೆ ತರುತ್ತಾರೆ. ಬಸ್ಸಿನಲ್ಲಿ ಮೊದಲು ಅವರು ಓದುತ್ತಾರೆ, ಮನೆಗೆ ಬಂದ ಮೇಲೆ ನಾನು. ಎಲ್ಲರೂ ಮುಂದಿನಿಂದ ಓದಿದರೆ ನಾವು ಹಿಂದಿನಿಂದ, ಅಂದರೆ ನಿಮ್ಮ ‘ಪತ್ತೇದಾರ ಮಾಯಣ್ಣ’ನಿಂದ. ಬೇರೆ ಪತ್ತೇದಾರರು ಕಾರಿನಲ್ಲಿ ಹಾರಾಡುತ್ತಾರೆ. ನಿಮ್ಮ ಮಾಯಣ್ಣ ಹೊಟ್ಟೆ ಹೊತ್ತುಕೊಂಡು, ಹರಕು ಕೊಡೆ ಹಿಡಿದು, ಬಸ್ಸಿಗೆ ಕಾಯುತ್ತಾನೆ. ಅದಕ್ಕೇ ಅವನ ಮೇಲೆ ನನಗೆ ನಂಬಿಕೆ.

ಹೋದ ಕಥೆಯಲ್ಲಿ ಕೊಲೆಯಾದ ಮನೆಯನ್ನು ತೋರಿಸಿದಿರಲ್ಲ, ಅಲ್ಲಿ ಹೆಣ ಬರೆಯಲಿಲ್ಲ, ರಕ್ತ ಬರೆಯಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು, ಅಷ್ಟೇ. ಅದನ್ನು ಇಳಿಸುವ ಹೆಂಗಸು ಇನ್ನಿಲ್ಲ ಎಂದು ಹೊಳೆದಾಗ ಮೈ ಜುಮ್ಮೆಂದಿತು. ಮಾತೇ ಇಲ್ಲದ ಒಂದು ಚೌಕದಲ್ಲಿ ಅಷ್ಟು ಹೇಳುವುದನ್ನು ಎಲ್ಲಿ ಕಲಿತಿರಿ?

ನನಗಿಂತ ದೊಡ್ಡ ಅಭಿಮಾನಿ ನಮ್ಮ ಅತ್ತೆ ಗುರುಶಾಂತಮ್ಮನವರು. ಅವರಿಗೆ ಓದು ಬಾರದು. ಬಾಯಿಂದ ಹೊರಡುವ ಗುಳ್ಳೆಯಲ್ಲಿ ಏನು ಬರೆದಿದೆ ಎಂದು ಕೇಳುವುದೂ ಇಲ್ಲ. ಚಿತ್ರವನ್ನಷ್ಟೇ ನೋಡಿ ಕೊಲೆಗಾರನನ್ನು ಹಿಡಿಯುತ್ತಾರೆ. ಹೋದ ಸಲ ಎರಡನೇ ವಾರವೇ ಬೆರಳಿಟ್ಟು, “ಇವನೇ ಕಣೇ. ಎಲ್ರೂ ಅಳ್ತಾ ಹೆಣದ ಕಡೀಕ್ ನೋಡ್ತಾವ್ರೆ, ಇವನ ಕಣ್ಣು ಬಾಗ್ಲು ಕಡೀಕೈತೆ” ಅಂದರು. ಮಾಯಣ್ಣನಿಗೆ ಅದು ತಿಳಿಯಲು ಇನ್ನೂ ಆರು ವಾರ ಬೇಕಾಯಿತು!

ಈಗ ಶುರುವಾಗಿರುವ ‘ಅಟ್ಟದ ನೆರಳು’ ನಮ್ಮ ಸೀಮೆಯ ಕಥೆಯೆಂದು ಹಿಗ್ಗಿದೆವು. ಆದರೆ ಒಂದು ಮಾತು, ಕೋಪ ಮಾಡಿಕೊಳ್ಳಬೇಡಿ. ವ್ಯಾಪಾರಿ ಏಣಿಯಿಂದ ಬಿದ್ದು ಸತ್ತಿದ್ದಾನೆ, ಏಣಿ ಅಟ್ಟಕ್ಕೆ ಒರಗಿದೆ, ಅಟ್ಟದ ತುಂಬ ತೆಂಗಿನಕಾಯಿ. ಇದನ್ನು ನಮ್ಮವರು ನೋಡಿದರೆ ನಗುತ್ತಾರೆ. ಕೊಬ್ಬರಿಗೆಂದು ಅಟ್ಟಕ್ಕೆ ಕಾಯಿ ತುಂಬಿದ ಮೇಲೆ, ಒಳಗಿನ ನೀರು ಆರಿ ಕೊಬ್ಬರಿ ಗುಡುಗುಡು ಅನ್ನುವ ತನಕ, ಹೆಚ್ಚುಕಡಿಮೆ ಒಂದು ವರ್ಷ ಯಾರೂ ಅಲ್ಲಿಗೆ ಹತ್ತುವುದಿಲ್ಲ. ಕೆದಕಿದರೆ ಕಾಯಿ ಕೆಡುತ್ತದೆ ಎಂದು ನಂಬಿಕೆ. ಅಡುಗೆಯ ಕಾಯಿ ಕೆಳಗೆ ಬಾಗಿಲ ಸಂದಿಯಲ್ಲೇ ಇರುತ್ತದೆ. ಅಟ್ಟ ತುಂಬಿದ ದಿನವೇ ಏಣಿಯನ್ನು ತೆಗೆದು ಹಿತ್ತಲ ಗೋಡೆಯ ಗೂಟಕ್ಕೆ ಹಾಕಿಬಿಡುತ್ತಾರೆ. ನಾನು ಚಿಕ್ಕನಾಯಕನಹಳ್ಳಿಯ ಕಂಬಳಿ ಅಂಗಡಿಯವರ ಮಗಳು, ನನಗೂ ಇದೆಲ್ಲ ಮದುವೆಯಾಗಿ ಬಂದ ಈ ಒಂದು ವರ್ಷದಲ್ಲೇ ತಿಳಿದದ್ದು. ತುಂಬಿದ ಅಟ್ಟಕ್ಕೆ ಏಣಿ ಬರೆಯಬೇಡಿ, ನಿಮ್ಮ ಮರ್ಯಾದೆ ಪ್ರಶ್ನೆ.

ಇಂತಿ,
ಸರ್ವಮಂಗಳ


ಬೆಂಗಳೂರು
೧೨ ಸೆಪ್ಟೆಂಬರ್ ೧೯೮೩

ಸಹೋದರಿ ಸರ್ವಮಂಗಳ ಅವರಿಗೆ,

ನಿಮ್ಮ ಪತ್ರವನ್ನು ನನ್ನ ಹೆಂಡತಿಗೆ ಎರಡು ಸಲ ಓದಿ ಹೇಳಿದೆ. ಇಷ್ಟು ದಿನ ನಾನು ಗೋಡೆಗೆ ಸುಣ್ಣ ಬಳಿಯಲು ಲಾಯಕ್ಕು ಅನ್ನುತ್ತಿದ್ದವಳು ಈಗ ಕಾಫಿಗೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕುತ್ತಿದ್ದಾಳೆ. ಆ ಉಕ್ಕುವ ಹಾಲಿನ ಚೌಕಕ್ಕೆ ಒಂದು ಇಡೀ ದಿನ ಕೂತಿದ್ದೆ. ಸಂಪಾದಕರು “ಏನ್ರೀ ಇದು, ಅಡುಗೆ ಪುಟವಾ?” ಅಂದಿದ್ದರು. ನೀವೊಬ್ಬರು ನೋಡಿದಿರಿ, ಸಾರ್ಥಕವಾಯಿತು.

ನನ್ನ ಗುಟ್ಟೊಂದು ಹೇಳುತ್ತೇನೆ. ಭಯವನ್ನು ಕೊಲೆಗಾರನ ಮುಖದಲ್ಲಿ ಬರೆಯಬಾರದು. ಮನೆಯ ಸಾಮಾನಿನಲ್ಲಿ ಬರೆಯಬೇಕು. ಇರಬೇಕಾದ ಕಡೆ ಇಲ್ಲದ ಚೆಂಬು, ಇರಬಾರದ ಕಡೆ ಇರುವ ಚಪ್ಪಲಿ. ಮುಖ ನೋಡಿ ಹೆದರಿದವನು ಪುಟ ಮಗುಚಿದ ಮೇಲೆ ಮರೆಯುತ್ತಾನೆ. ಚಪ್ಪಲಿ ನೋಡಿ ಹೆದರಿದವನು ತನ್ನ ಮನೆಯ ಬಾಗಿಲಲ್ಲೂ ಹೆದರುತ್ತಾನೆ.

ಈಗ ಏಣಿಯ ವಿಷಯ. ತಿಪಟೂರನ್ನು ರೈಲಿನ ಕಿಟಕಿಯಿಂದ ನೋಡಿದ್ದು ಬಿಟ್ಟರೆ ನನಗೆ ಆ ಕಡೆಯ ಗಂಧಗಾಳಿಯಿಲ್ಲ. ತಪ್ಪಾಯಿತು. ಆದರೆ ಎಂಥ ತಪ್ಪು ಅಂತೀರಿ! ಕೊಲೆಗಾರ ಯಾರೆಂದು ನಿಶ್ಚಯ ಮಾಡಿಕೊಂಡೇ ನಾನು ಕಥೆ ಶುರುಮಾಡುತ್ತೇನೆ. ಅವನು ಹೇಗೆ ಸಿಕ್ಕಿಬೀಳುತ್ತಾನೆ ಎಂಬುದನ್ನು ದೇವರಿಗೆ ಬಿಟ್ಟಿರುತ್ತೇನೆ. ಈ ಸಲ ದೇವರು ಹೊನ್ನವಳ್ಳಿಯಿಂದ ಅಂಚೆಯಲ್ಲಿ ಬಂದ. ವ್ಯಾಪಾರಿ ಏಣಿಯಿಂದ ಬೀಳಲೇ ಇಲ್ಲ. ಅವನನ್ನು ಹೊಡೆದು ಕೊಂದು, ಬಿದ್ದು ಸತ್ತ ಹಾಗೆ ಕಾಣಲಿ ಎಂದು ಏಣಿಯನ್ನು ಆಮೇಲೆ ತಂದು ಒರಗಿಸಿದ್ದಾರೆ. ಮಾಯಣ್ಣ ಕೊಡೆ ಮಡಚಿ ಒಂದೇ ಮಾತು ಕೇಳುತ್ತಾನೆ: “ತುಂಬಿದ ಅಟ್ಟಕ್ಕೆ ಏಣಿ ಯಾಕೆ?”

ಹೇಗಿದೆ? ಅಟ್ಟದ ಬಗ್ಗೆ ಇನ್ನೂ ಬರೆಯಿರಿ. ಕೆಳಗಿನಿಂದ ನೋಡಿದರೆ ಏನು ಕಾಣುತ್ತದೆ, ಬೆಳಕು ಎಲ್ಲಿಂದ ಬೀಳುತ್ತದೆ? ಅತ್ತೆಯವರಿಗೆ ನನ್ನ ನಮಸ್ಕಾರ.

ನಿಮ್ಮ,
ಹನು


ಹೊನ್ನವಳ್ಳಿ
೨೦ ಸೆಪ್ಟೆಂಬರ್ ೧೯೮೩

ಮಾನ್ಯರೇ,

ಪತ್ರ ತಲುಪಿತು. ಏಣಿಯ ವಿಷಯ ಬಿಟ್ಟುಬಿಡಿ. ನಾನು ತಿಳಿಯದೆ ಬರೆದೆ. ಎಲ್ಲ ಮನೆಯಲ್ಲೂ ಏಣಿ ತೆಗೆಯುವುದಿಲ್ಲ, ಕೆಲವರು ಹಾಗೇ ಬಿಡುತ್ತಾರೆ. ನೀವು ಮೊದಲು ಬರೆದದ್ದೇ ಸರಿ. ವ್ಯಾಪಾರಿ ಬಿದ್ದೇ ಸತ್ತ ಎಂದು ಕಥೆ ಮುಗಿಸಿದರೆ ಆಗುವುದಿಲ್ಲವೇ?

ಒಂದು ಕೇಳಬೇಕು. ಏಣಿಯಿಂದ ಬೀಳುವ ಈ ಕಥೆ ನಿಮ್ಮ ತಲೆಯಲ್ಲೇ ಹುಟ್ಟಿದ್ದೋ, ನಮ್ಮ ಕಡೆಯವರು ಯಾರಾದರೂ ನಿಮಗೆ ಹೇಳಿದರೋ?

ಅತ್ತೆ ಈ ಹೊಸ ಕಥೆಯನ್ನು ಇನ್ನೂ ನೋಡಿರಲಿಲ್ಲ, ಹೋದ ವಾರ ಪುಟ ಕೊಟ್ಟೆ. ಯಾವತ್ತೂ ಕಣ್ಣಿಗೆ ಹತ್ತಿರ ಹಿಡಿದು ನೋಡುವವರು, ಆ ಏಣಿಯ ಚಿತ್ರ ನೋಡಿದ್ದೇ ಪತ್ರಿಕೆಯನ್ನು ಬೋರಲು ಹಾಕಿ ಎದ್ದುಹೋದರು. “ಯಾಕತ್ತೆ, ಕೊಲೆಗಾರ ಸಿಗಲಿಲ್ವಾ?” ಎಂದು ನಗುತ್ತಾ ಕೇಳಿದೆ. “ಬುಡು ಅತ್ಲಾಗೆ” ಅಂದರು. ಅಷ್ಟೇ.

ನಿಮ್ಮ ಕಥೆ ನನಗೆ ತುಂಬ ಭಯ ತರಿಸಿದೆ. ನಾಲ್ಕು ದಿನದಿಂದ ಸರಿಯಾಗಿ ಊಟ ಸೇರುತ್ತಿಲ್ಲ. ದಯವಿಟ್ಟು ಆ ಮಾತನ್ನು ಮಾಯಣ್ಣನ ಬಾಯಲ್ಲಿ ಹಾಕಬೇಡಿ.

ಸರ್ವಮಂಗಳ


ಬೆಂಗಳೂರು
೨೮ ಸೆಪ್ಟೆಂಬರ್ ೧೯೮೩

ಸಹೋದರಿ,

ಊಟ ಸೇರುತ್ತಿಲ್ಲವೇ? ಇಪ್ಪತ್ತು ವರ್ಷದಿಂದ ಮಸಿ ಬಳಿಯುತ್ತಿದ್ದೇನೆ, ಇಂಥ ಸನ್ಮಾನ ಯಾರೂ ಮಾಡಿರಲಿಲ್ಲ. ಶಾಲು ಬೇಡ, ಹಾರ ಬೇಡ, ಹೊನ್ನವಳ್ಳಿಯ ಓದುಗರೊಬ್ಬರು ನನ್ನ ಏಣಿಗೆ ಹೆದರಿ ಮುದ್ದೆ ಬಿಟ್ಟಿದ್ದಾರೆ! ಸಂಪಾದಕರಿಗೆ ಆ ಸಾಲನ್ನು ತೋರಿಸಿದೆ. ಇನ್ನು ಮೇಲೆ ಅವರು ಅಡುಗೆ ಪುಟ ಎನ್ನಲಾರರು.

ಸಂಕೋಚಪಟ್ಟು ಮಾತು ಹಿಂದೆ ತೆಗೆದುಕೊಳ್ಳುತ್ತಿದ್ದೀರಿ, ನನಗೆ ಅರ್ಥವಾಗುತ್ತದೆ. ಚಿತ್ರಕಾರನ ತಪ್ಪು ಹಿಡಿದೆನಲ್ಲ ಎಂದು ಕಸಿವಿಸಿ. ಬೇಡ. ಕಥೆ ಪೂರ್ತಿ ನನ್ನ ತಲೆಯದ್ದೇ, ಯಾರೂ ಹೇಳಿದ್ದಲ್ಲ. ಆ ಪುಟ ಆಗಲೇ ಅಚ್ಚಿಗೆ ಬ್ಲಾಕ್ ಮಾಡಲು ಹೋಗಿದೆ, ಇನ್ನು ಬ್ರಹ್ಮ ಬಂದರೂ ಬದಲಾಗದು. ಅದರಲ್ಲಿ ನಿಮಗೊಂದು ಸಣ್ಣ ಉಡುಗೊರೆ ಇಟ್ಟಿದ್ದೇನೆ. ಏನೆಂದು ಹೇಳುವುದಿಲ್ಲ. ಎಂಟನೇ ತಾರೀಕಿನ ಸಂಚಿಕೆ ನೋಡಿ, ಮನೆಯವರಿಗೂ ತೋರಿಸಿ.

ಹನು


ಹೊನ್ನವಳ್ಳಿ
೯ ಅಕ್ಟೋಬರ್ ೧೯೮೩, ಭಾನುವಾರ

ಹನುಮಂತಯ್ಯನವರೇ,

ನಿಮ್ಮ ಉಡುಗೊರೆ ತಲುಪಿತು. ‘ಈ ಸೂಕ್ಷ್ಮವನ್ನು ತಿಳಿಸಿದ ಹೊನ್ನವಳ್ಳಿಯ ಶ್ರೀಮತಿ ಸರ್ವಮಂಗಳ ಅವರಿಗೆ ವಂದನೆಗಳು.’ ಚಿತ್ರದ ಕೆಳಗೇ, ದಪ್ಪ ಅಕ್ಷರದಲ್ಲಿ.

ಎಂದಿನಂತೆ ನಮ್ಮ ಮನೆಯವರೇ ಬಸ್ಸಿನಲ್ಲಿ ಮೊದಲು ಓದಿದರು. ಮನೆಗೆ ಬಂದು ಆ ಪುಟವನ್ನೇ ಮಡಿಸಿ ನನ್ನ ಕೈಗೆ ಕೊಟ್ಟರು. “ನಿನ್ ಹೆಸ್ರು ಬಂದೈತೆ ನೋಡೇ. ಭಾಳಾ ಬುದ್ಧಿವಂತೆ ಕಣೇ ನೀನು” ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟಕ್ಕೆ ಕೂತಾಗ ನನ್ನ ಎಲೆಗೂ ತಾವೇ ತುಪ್ಪ ಬಡಿಸಿದರು. ಮದುವೆಯಾದಾಗಿನಿಂದ ಯಾವತ್ತೂ ಹಾಗೆ ಮಾಡಿದವರಲ್ಲ.

ನಿಮಗೆ ಮೊದಲೇ ಹೇಳಬೇಕಿತ್ತು, ಬಾಯಿ ಬರಲಿಲ್ಲ. ನಾನು ಎರಡನೇ ಸಂಬಂಧ. ಮೊದಲನೆಯವರು ಗಿರಿಜಾಂಬಿಕಾ. ಎರಡು ವರ್ಷದ ಹಿಂದೆ ದೀಪಾವಳಿಯಲ್ಲಿ, ಅಟ್ಟದಿಂದ ಕಾಯಿ ಇಳಿಸಲು ಹೋಗಿ ಏಣಿಯಿಂದ ಬಿದ್ದು ತೀರಿಹೋದರು ಎಂದು ನಮ್ಮ ಅಪ್ಪನಿಗೆ ಹೇಳಿದ್ದರು. ಕಂಬಳಿ ಅಂಗಡಿಯವರಿಗೆ ಅಟ್ಟದ ರೀತಿ ಏನು ಗೊತ್ತು? ಅಯ್ಯೋ ಪಾಪ ಅಂದೆವು. ನಿಮಗೆ ಬುದ್ಧಿ ಹೇಳಲು ಕೂತು ಏಣಿಯ ವಿಷಯ ಬರೆದೆನಲ್ಲ, ಆಗಲೂ ನನಗೆ ಹೊಳೆಯಲಿಲ್ಲ. ನಿಮ್ಮ ಉತ್ತರದಲ್ಲಿ ಆ ಮಾತು ಓದಿದಾಗ ಹೊಳೆಯಿತು. ತುಂಬಿದ ಅಟ್ಟಕ್ಕೆ ಏಣಿ ಯಾಕೆ?

ಅಟ್ಟ ಆಗ ಖಾಲಿ ಇದ್ದಿರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ತೋಟದ ಆಳು ಲಕ್ಕಯ್ಯನನ್ನು ಕೇಳಿದೆ. “ಅಕ್ಕ ಬಿದ್ದಾಗ ಅಟ್ಟದಲ್ಲಿ ಕಾಯಿ ಇರಲಿಲ್ಲ ಅಲ್ವಾ?”

“ಎಲ್ಲೀದವ್ವ, ಆಯುಧಪೂಜೆ ಕಳುದ್ ಮಾರ್ನೆ ದಿನ ನಾವೇ ತುಂಬ್ಸಿದ್ದೊ. ಜಂತೆ ಮುಟ್ಟೋಗಂಟ.”

“ಮತ್ತೆ ಏಣಿ?”

ಲಕ್ಕಯ್ಯ ನನ್ನ ಮುಖ ನೋಡಿದ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. “ನಂಗೊತ್ತಿಲ್ಲ ಕಣವ್ವ. ನೀನೂ ಕೇಳ್ಬ್ಯಾಡ” ಅಂದು ಹೋದ.

ಈಗ ಕೇಳಿ. ನಮ್ಮ ಅಟ್ಟವನ್ನು ಈ ಶ್ರಾವಣದಲ್ಲಿ ತುಂಬಿದ್ದೇವೆ. ಏಣಿ ಹಿತ್ತಲಲ್ಲಿತ್ತು. ಈವತ್ತು ಬೆಳಗ್ಗೆ ಪೂಜೆ ಮುಗಿಸಿ ನಡುಮನೆಗೆ ಬಂದರೆ ಏಣಿ ಅಟ್ಟಕ್ಕೆ ಒರಗಿದೆ. “ಇಲಿ ಸದ್ದು ಮಾಡ್ತಾವೆ. ನಾಳೆ ಒಸಿ ಹತ್ತಿ ನೋಡುವಂತೆ, ನಾ ಕೆಳಗೆ ಹಿಡ್ಕೋತೀನಿ” ಅಂದರು. ನನಗೆ ಇಲಿಯ ಸದ್ದು ಕೇಳಿಲ್ಲ. ಅತ್ತೆ ಒಲೆಯ ಮುಂದೆ ಇದ್ದರು, ತಿರುಗಿ ನೋಡಲಿಲ್ಲ.

ನನಗೆ ತುಂಬ ಭಯವಾಗಿದೆ. ಇದನ್ನು ಯಾರಿಗೂ ತೋರಿಸಬೇಡಿ, ಮೆಚ್ಚುಗೆ ಎಂದು ತಿಳಿಯಬೇಡಿ. ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಬರೆಯಲೂಬಾರದು ಎಂದು ಕಲಿತವಳು ನಾನು. ಬರೆಯುತ್ತಿದ್ದೇನೆ: ತೋಂಟದಾರ್ಯ. ನನಗೇನಾದರೂ ಆದರೆ ಈ ಹೆಸರು ನಿಮ್ಮ ಹತ್ತಿರ ಇರಲಿ. ಈ ವಿಳಾಸಕ್ಕೆ ಬರೆಯಬೇಡಿ. ಬರೆಯುವುದಾದರೆ ಚಿಕ್ಕನಾಯಕನಹಳ್ಳಿಗೆ, ನಮ್ಮಪ್ಪನ ಅಂಗಡಿಗೆ ಬರೆಯಿರಿ. ವಿಳಾಸ ಹಿಂದೆ ಇದೆ. ನಾನು ಅಲ್ಲಿಗೆ ಹೇಗೆ ಹೋಗುತ್ತೇನೋ ಗೊತ್ತಿಲ್ಲ. ಪಕ್ಕದ ಮನೆಯ ರಂಗಕ್ಕ ಪೋಸ್ಟ್ ಡಬ್ಬಕ್ಕೆ ಹಾಕುತ್ತೇನೆ ಎಂದು ಕಾಯುತ್ತಿದ್ದಾರೆ.

ಸರ್ವಮಂಗಳ


ಬೆಂಗಳೂರು
೧೩ ಅಕ್ಟೋಬರ್ ೧೯೮೩

ತಾಯಿ ಸರ್ವಮಂಗಳ,

ನೀವು ಹೇಳಿದ ಹಾಗೆ ಅಂಗಡಿಯ ವಿಳಾಸಕ್ಕೇ ಬರೆಯುತ್ತಿದ್ದೇನೆ. ಇದು ನಿಮ್ಮ ಕೈಗೇ ಸಿಗಲಿ ಎಂದು ಬೇಡಿಕೊಳ್ಳುತ್ತೇನೆ. ಭಯ ಎಂದು ಬರೆದಿರಿ, ಬೇಡ ಎಂದು ಬರೆದಿರಿ, ನಾನು ಅದನ್ನು ಹೊಗಳಿಕೆ ಎಂದು ಎಲ್ಲರಿಗೂ ತೋರಿಸಿಕೊಂಡು ಓಡಾಡಿದೆ. ನನ್ನ ಕಣ್ಣಿಗೆ ಮಣ್ಣು ಬೀಳಲಿ.

ಇನ್ನೊಂದು ವಿಷಯ ನಿಮಗೆ ಹೇಳದೆ ಇರಲಾರೆ. ನಿಮ್ಮ ಪತ್ರ ಬಂದ ದಿನವೇ ಪತ್ರಿಕೆಯ ಆಫೀಸಿನ ಮೂಲಕ ಒಂದು ಕಾರ್ಡೂ ಬಂತು. ಮುತ್ತಿನಂಥ ಅಕ್ಷರ. ‘ನಿಮ್ಮ ಕಥೆ ಬಹಳ ಸ್ವಾರಸ್ಯವಾಗಿದೆ. ನಮ್ಮ ಮನೆಯಾಕೆ ಅಟ್ಟದ ವಿಷಯವಾಗಿ ಇನ್ನೂ ಏನೇನು ಬರೆದಿದ್ದಾಳೆ, ಆ ಕಾಗದಗಳನ್ನು ಕಳಿಸಿಕೊಟ್ಟರೆ ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ. ತಾವೂ ಒಮ್ಮೆ ಬಂದು ನಮ್ಮ ಅಟ್ಟ ನೋಡಬೇಕು.’ ಕೆಳಗೆ ನೀವು ಬರೆದ ಹೆಸರು. ನಿಮ್ಮ ಪತ್ರ ಓದಿರದಿದ್ದರೆ ನಾನು ಹಿಗ್ಗಿ ಹೀರೇಕಾಯಿಯಾಗಿ ಎಲ್ಲವನ್ನೂ ಕಳಿಸಿಬಿಡುತ್ತಿದ್ದೆ. ಕಳಿಸಿಲ್ಲ. ಎಲ್ಲ ನನ್ನ ಬಳಿ ಇವೆ. ಪೊಲೀಸರ ಮುಂದೆ ಹೇಳಬೇಕಾದರೆ ಬಂದು ಹೇಳುತ್ತೇನೆ.

ಕುಂಚ ತೊಳೆದು ಇಟ್ಟುಬಿಟ್ಟಿದ್ದೇನೆ. ಈ ವಾರದ ಪುಟ ಬರೆದಿಲ್ಲ. ಕ್ಷೇಮವಾಗಿದ್ದೀರಿ ಎಂದು ಒಂದು ಸಾಲು ಬರೆಯಿರಿ.

ಹನುಮಂತಯ್ಯ


ಬೆಂಗಳೂರು
೨೪ ಅಕ್ಟೋಬರ್ ೧೯೮೩

ತಾಯಿ,

ಉತ್ತರವಿಲ್ಲ. ಪೋಸ್ಟ್‌ಮನ್ ಬರುವ ಹೊತ್ತಿಗೆ ಗೇಟಿನಲ್ಲೇ ನಿಂತಿರುತ್ತೇನೆ. ನನ್ನ ಹೆಂಡತಿ ಏನೂ ಕೇಳುವುದಿಲ್ಲ, ಅವಳೂ ಬಂದು ನಿಲ್ಲುತ್ತಾಳೆ. ಹೊನ್ನವಳ್ಳಿಗೆ ಬಂದುಬಿಡಲೇ? ಬಂದರೆ ನಿಮಗೆ ಇನ್ನಷ್ಟು ಕೇಡಾಗುತ್ತದೆಯೋ ಎಂದು ಹೆದರಿ ಕೂತಿದ್ದೇನೆ. ಯಾರಾದರೂ ಸರಿ, ಈ ಕಾರ್ಡು ಓದಿದವರು, ಆ ಹೆಣ್ಣುಮಗಳು ಬದುಕಿದ್ದಾಳೆ ಎಂದು ತಿಳಿಸಿ.

ಹನುಮಂತಯ್ಯ


ಚಿಕ್ಕನಾಯಕನಹಳ್ಳಿ
೩ ನವೆಂಬರ್ ೧೯೮೩

ಹನುಮಂತಯ್ಯಣ್ಣನಿಗೆ,

ಬದುಕಿದ್ದೇನೆ. ನಿಮ್ಮ ಎರಡೂ ಕಾಗದಗಳನ್ನು ಅಪ್ಪ ಅಂಗಡಿಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ನಿನ್ನೆ ಸಂಜೆ ಕೊಟ್ಟರು. ಅದಕ್ಕೇ ಇಷ್ಟು ತಡ.

ಏಣಿ ಹತ್ತಬೇಕಿದ್ದ ಆ ಸೋಮವಾರ ಬೆಳಗ್ಗೆ ನಮ್ಮ ಮನೆಯವರು ಮುಖ ತೊಳೆಯಲು ಹಿತ್ತಲಿಗೆ ಹೋಗಿದ್ದರು. ಅತ್ತೆ ರಾಗಿ ತುಂಬಿದ ಡಬ್ಬವನ್ನು ನನ್ನ ಸೊಂಟಕ್ಕೆ ಇಟ್ಟು “ಮಿಲ್ಲಿಗೆ ಹೋಗು” ಅಂದರು. ಹಿಂದಿನ ದಿನವಷ್ಟೇ ಹಿಟ್ಟು ಮಾಡಿಸಿ ತಂದಿದ್ದೆವು. ನಾನು ನಿಂತೇ ಇದ್ದೆ. ಸೊಂಟದ ಚೀಲದಿಂದ ಬಸ್ಸಿನ ಕಾಸು ತೆಗೆದು ನನ್ನ ಸೆರಗಿಗೆ ಗಂಟು ಹಾಕಿದರು. ಆ ಮನೆಯಲ್ಲಿ ಎಲ್ಲಿಗೆ ಹೊರಟರೂ “ಬಿರ್ರನೆ ಬಾ” ಅನ್ನುತ್ತಿದ್ದವರು, ಆವತ್ತು “ಬಿರ್ರನೆ ಬರಬ್ಯಾಡ” ಅಂದರು. ಡಬ್ಬವನ್ನು ಮಿಲ್ಲಿನ ಕಟ್ಟೆಯ ಮೇಲೆ ಇಟ್ಟು ಬಸ್ಸು ಹತ್ತಿದೆ. ತಿಪಟೂರು ದಾಟುವವರೆಗೂ ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದಾರೆ ಎಂದು ತಿರುಗಿ ನೋಡುವ ಧೈರ್ಯವಿರಲಿಲ್ಲ.

ಇಲ್ಲಿಗೆ ಬಂದರೆ ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಯಿತು. “ಪೇಪರ್ನಾಗೆ ಚಿತ್ರ ನೋಡ್ಕಂಡು ಗಂಡನ್ನ ಬುಟ್ ಬಂದ್ಯಾ? ನಾಳೆ ನಿನ್ ತಂಗೀನ ಯಾರು ಕಟ್ಕೋತಾರೆ?” ಎಂದು ಅಪ್ಪ ಕೂಗಾಡಿದರು. ಪೊಲೀಸ್ ಸ್ಟೇಷನ್ ಮೆಟ್ಟಿಲು ತುಳಿದರೆ ವಿಷ ಕುಡಿಯುತ್ತೇನೆ ಅಂದರು. ಹೋದ ಭಾನುವಾರ ಅವನು ಬಂದ. ಹೌದು, ಅವನು ಅಂತಲೇ ಬರೆಯುತ್ತೇನೆ. ಇಬ್ಬರು ಹಿರಿಯರು, ಬಾಳೆಹಣ್ಣಿನ ಗೊನೆ, ಅಮ್ಮನಿಗೆ ಸೀರೆ. “ಅವಳಿಗೆ ಕಥೆ ಓದೋ ಹುಚ್ಚು, ಅಷ್ಟೇಯ. ನಂಗೇನ್ ಬೇಜಾರಿಲ್ಲ. ಹಬ್ಬಕ್ಕೆ ಮನೆ ಸೊಸೆ ಮನೇಲಿರ್ಬೇಕು” ಎಂದು ನಕ್ಕ. ಹಿರಿಯರು ತಲೆದೂಗಿದರು. ಗುರುವಾರ ಕಳಿಸುವುದೆಂದು ಮಾತಾಯಿತು. ಗುರುವಾರ ಅಂದರೆ ಇವತ್ತು.

ನಾನು ಅತ್ತೂ ಆಯಿತು, ಕಾಲು ಹಿಡಿದೂ ಆಯಿತು. ಅಮ್ಮ ಟ್ರಂಕಿಗೆ ಬಟ್ಟೆ ಜೋಡಿಸುತ್ತಿದ್ದಳು.

ನಿನ್ನೆ ಮಧ್ಯಾಹ್ನ ಅಂಗಡಿಯ ಮುಂದೆ ಬಸ್ಸಿಳಿದು ಅತ್ತೆ ಬಂದರು. ಒಬ್ಬರೇ. ನಾನು ನೋಡಿದ ಮಟ್ಟಿಗೆ ಅವರು ಒಬ್ಬರೇ ಊರು ದಾಟಿದವರಲ್ಲ. ಬಸ್ಸಿನ ಬೋರ್ಡು ಓದಲು ಬಾರದು, ಕಂಡವರನ್ನು ಕೇಳಿಕೊಂಡು ಬಂದಿದ್ದರು. ನನ್ನನ್ನು ಕರೆದುಕೊಂಡು ಹೋಗಲು ಬಂದರೆಂದು ನಾನು ಒಳಬಾಗಿಲ ಹಿಂದೆ ಸರಿದೆ. ಅವರು ಒಳಗೆ ಬರಲಿಲ್ಲ. ಗಿರಾಕಿಗಳು ಕಂಬಳಿ ನೋಡುತ್ತಿದ್ದ ಜಾಗದಲ್ಲೇ, ಎಲ್ಲರ ಮುಂದೆ ನಿಂತು, ಅಪ್ಪನಿಗೆ ಕೈ ಮುಗಿದರು.

“ಬೀಗರೇ, ನಿಮ್ಮ ಮಗಳನ್ನ ಕಳಿಸ್ಬ್ಯಾಡಿ.”

“ಯಾಕ್ರವ್ವಾ? ನಿಮ್ಮ ಮಗನೇ ಬಂದು ಕರ್ದವ್ರಲ್ಲ” ಅಂದರು ಅಪ್ಪ.

“ಅದ್ಕೇ ಹೇಳ್ತಾ ಇವ್ನಿ. ಹೆತ್ತೋಳು ಹೇಳ್ತಾ ಇವ್ನಿ, ಕಳಿಸ್ಬ್ಯಾಡಿ.”

ಅಪ್ಪ ಮತ್ತೆ ಯಾಕೆ ಎಂದು ಕೇಳಲಿಲ್ಲ. ಕೈಲಿದ್ದ ಕಂಬಳಿಯನ್ನು ಮಡಿಸಲು ಹೋಗಿ, ಮಡಿಸಲಾಗದೆ, ಹಾಗೇ ಗಾದಿಯ ಮೇಲೆ ಕೂತುಬಿಟ್ಟರು. ಅಲ್ಲಿಂದಲೇ ಒಳಗೆ ಕೂಗಿ ಅಮ್ಮನಿಗೆ ಟ್ರಂಕು ಖಾಲಿ ಮಾಡು ಅಂದರು.

ಅತ್ತೆ ಒಂದು ಚೆಂಬು ನೀರು ಕುಡಿದು ವಾಪಸ್ ಬಸ್ಸಿಗೆ ಹೊರಟರು. ನಾನು ಬಸ್‌ಸ್ಟಾಂಡಿನವರೆಗೂ ಹಿಂದೆ ಹೋದೆ. “ಅತ್ತೆ, ನೀವೂ ಇಲ್ಲೇ ಇದ್ದುಬಿಡಿ. ಆ ಮನೆಗೆ ಹೋಗಬೇಡಿ” ಎಂದು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಂಡರು.

“ನಾನಿಲ್ಲಿ ಕುಂತ್ರೆ ಅವನಿಗೆ ಮುದ್ದೆ ತಿರುವಾಕೋರು ಯಾರೇ?” ಅಂದರು.

ಕಂಡಕ್ಟರ್ ಸೀಟಿ ಊದಿದ. ಗಿರಿಜಕ್ಕನ ವಿಷಯ ಕೇಳಬೇಕೆನ್ನುವಷ್ಟರಲ್ಲಿ ಅವರು ಬಸ್ಸು ಹತ್ತಿದರು. ಕಿಟಕಿಯಲ್ಲಿ ಕೂತವರು ನನ್ನ ಕಡೆ ನೋಡಲೂ ಇಲ್ಲ.

ಅಣ್ಣ, ಎಲ್ಲಿಗೆ ಹೋಗಿದ್ದೆ ಎಂದು ಅವನು ಕೇಳಿರುತ್ತಾನೆ. ಅತ್ತೆಗೆ ಸುಮ್ಮನಿರುವುದು ಬರುತ್ತದೆ, ಸುಳ್ಳು ಹೇಳುವುದು ಬರುವುದಿಲ್ಲ. ನಿನ್ನೆಯಿಂದ ನನಗೆ ಇದೊಂದೇ ಯೋಚನೆ. ಅಪ್ಪ ಅಲ್ಲಿಗೆ ಕಾಲಿಡುವುದಿಲ್ಲ, ನಾನು ಹೋಗುವಂತಿಲ್ಲ. ನಿಮ್ಮನ್ನು ಅವನೇ ಕರೆದಿದ್ದಾನಲ್ಲ, ಅಟ್ಟ ನೋಡಲು ಬನ್ನಿ ಎಂದು. ನನ್ನನ್ನು ನೋಡಲು ಬರಬೇಡಿ, ಹೊನ್ನವಳ್ಳಿಗೆ ಹೋಗಿ. ಈ ಕಾಗದ ಮುಟ್ಟಿದ ದಿನವೇ ಹೊರಡಿ, ಜೊತೆಗೆ ಇಬ್ಬರನ್ನು ಕರೆದುಕೊಂಡು ಹೋಗಿ. ಗುರುಶಾಂತಮ್ಮನವರು ಇದ್ದಾರಾ ಎಂದು ಕೇಳಿ. ಇದ್ದಾರೆ ಎಂದು ಅವನು ಹೇಳಿದರೆ ನಂಬಬೇಡಿ. ಅವರೇ ಹೊರಗೆ ಬಂದು ನಿಮ್ಮ ಜೊತೆ ಮಾತಾಡುವ ತನಕ ಬಾಗಿಲು ಬಿಟ್ಟು ಕದಲಬೇಡಿ.

ನಿಮ್ಮ ತಂಗಿ,
ಸರ್ವಮಂಗಳ